ಮಂತ್ರಿಯ ಮಾತು ಸಾಲದು, ಕಡತ ಬೇಕು

ಸ್ಕಾಟ್ಲೆಂಡ್ ಸಂಸತ್ತಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ತುಂಬಾ ಪ್ರಶ್ನೆಗಳು ಬಂದವು. ಹೆಚ್ಚಿನವರ ಕುತೂಹಲ ಒಂದೇ. ಲಂಡನ್ ಹಂಚಿಕೊಟ್ಟ ಅಧಿಕಾರದಲ್ಲಿ ನಡೆಯುವ ಸರ್ಕಾರವನ್ನು ಅಲ್ಲಿನ ಶಾಸಕರು ಹಿಡಿದು ಕೇಳುವುದು ಹೇಗೆ, ಕೇಳಿದರೆ ಉತ್ತರ ಸಿಗುತ್ತದಾ? ಕೆಲವು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದಾಳೆ. ಒಂದು ಗುರುವಾರ ಅಲ್ಲಿನ ಸಂಸತ್ತಿನ ಗ್ಯಾಲರಿಯಲ್ಲಿ ಕೂತು ಫಸ್ಟ್ ಮಿನಿಸ್ಟರ್ ಪ್ರಶ್ನೋತ್ತರ ನೋಡಿ ಬಂದಳು. "ಅಪ್ಪಾ, ಬರೀ ಗಲಾಟೆ" ಅಂದಳು. ಅದರಿಂದ ಏನಾದರೂ ಉಪಯೋಗ ಇದೆಯಾ?

ಇದೆ. ಆದರೆ ಉಪಯೋಗ ಇರುವುದು ಆ ಗಲಾಟೆಯಲ್ಲಿ ಅಲ್ಲ. ಗುರುವಾರ ಮಧ್ಯಾಹ್ನ 12ಕ್ಕೆ ಶುರುವಾಗಿ ಸುಮಾರು ಮುಕ್ಕಾಲು ಗಂಟೆ ನಡೆಯುವ ಆ ಪ್ರಶ್ನೋತ್ತರದಲ್ಲಿ ಪ್ರತಿಪಕ್ಷದ ನಾಯಕರು ಆ ವಾರದ ಸುದ್ದಿಯನ್ನೇ ಎತ್ತಿಕೊಳ್ಳುತ್ತಾರೆ, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್ ಅದಕ್ಕೆ ತಿರುಗೇಟು ಕೊಡುತ್ತಾರೆ, ಸಂಜೆ ಟಿವಿಯಲ್ಲಿ ಅದರ ತುಣುಕು ಬರುತ್ತದೆ. ಅಷ್ಟಕ್ಕೇ ಮುಗಿದರೆ ನಿಮ್ಮ ಮಗಳು ಹೇಳಿದ್ದು ಸರಿ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಲಿಖಿತ ಪ್ರಶ್ನೆ. ಯಾವ ಶಾಸಕರೂ ಕೇಳಬಹುದು. ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ಸರ್ಕಾರ ಉತ್ತರ ಕೊಡಬೇಕು, ಅದು ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಜಾಣ ಶಾಸಕರು ಒಂದೇ ದೊಡ್ಡ ಪ್ರಶ್ನೆ ಕೇಳುವುದಿಲ್ಲ. ಯಾವ ತಾರೀಕು ಸಭೆ ನಡೆಯಿತು, ಯಾರು ಕೂತಿದ್ದರು, ಮಂತ್ರಿಗೆ ಟಿಪ್ಪಣಿ ಹೋಗಿದ್ದು ಯಾವಾಗ, ಹೀಗೆ ಚಿಕ್ಕ ಚಿಕ್ಕದಾಗಿ ಕೇಳುತ್ತಾರೆ. "ಆ ಮಾಹಿತಿಯನ್ನು ಒಂದೇ ಕಡೆ ಇಟ್ಟಿಲ್ಲ" ಎಂಬ ಉತ್ತರ ಬಂದರೆ ಸುಮ್ನೆ ಬಿಡುವುದಿಲ್ಲ, ಮಾತು ಬದಲಿಸಿ ಮತ್ತೆ ಕೇಳುತ್ತಾರೆ. ಒಂದು ಸಲ ಬರಹದಲ್ಲಿ ಕೊಟ್ಟ ಉತ್ತರ ಉಳಿಯುತ್ತದೆ. ಮುಂದೆ ಬೇರೆ ಉತ್ತರ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಬಹುದು, ಅಲ್ವಾ?

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ದುಡ್ಡು ಲಂಡನ್ನಿಂದ ಬರುತ್ತದೆ, ದೊಡ್ಡ ಅಧಿಕಾರ ಅಲ್ಲೇ ಇದೆ. ಹಾಗಿದ್ದ ಮೇಲೆ ಎಡಿನ್‌ಬರೋದ ಮಂತ್ರಿಗಳನ್ನು ಕೇಳಿ ಏನು ಪ್ರಯೋಜನ?

ಮಂತ್ರಿಗಳೂ ಇದೇ ಮಾತು ಹೇಳಿ ಜಾರಿಕೊಳ್ಳಲು ನೋಡುತ್ತಾರೆ. ಅದಕ್ಕೇ ಗೆರೆ ಎಲ್ಲಿದೆ ಅಂತ ಗೊತ್ತಿರಬೇಕು. 1997ರ ಜನಮತಗಣನೆಯ ನಂತರ ಬಂದ 1998ರ ಸ್ಕಾಟ್ಲೆಂಡ್ ಕಾಯ್ದೆ ಲಂಡನ್ ತನ್ನ ಬಳಿ ಇಟ್ಟುಕೊಂಡ ವಿಷಯಗಳನ್ನು ಪಟ್ಟಿ ಮಾಡುತ್ತದೆ. ರಕ್ಷಣೆ, ವಿದೇಶಾಂಗ, ವಲಸೆ ಇಂಥವು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೋದ್ದು. ಆರೋಗ್ಯ, ಶಾಲೆ, ಪೊಲೀಸ್, ಸ್ಥಳೀಯ ಆಡಳಿತ, ದ್ವೀಪಗಳ ಹಡಗು, ಎಲ್ಲಕ್ಕೂ ಅಲ್ಲಿನ ಮಂತ್ರಿಗಳೇ ಹೊಣೆ. ದುಡ್ಡಿನ ದೊಡ್ಡ ಪಾಲು ಲಂಡನ್ನಿನ ಅನುದಾನ ಎಂಬುದು ನಿಜ. ಆದರೆ ಸಂಬಳದ ಮೇಲಿನ ಆದಾಯ ತೆರಿಗೆಯ ದರ ಮತ್ತು ಹಂತಗಳನ್ನು 2017ರಿಂದ ಸ್ಕಾಟ್ಲೆಂಡೇ ನಿರ್ಧರಿಸುತ್ತಿದೆ. ಬಂದ ದುಡ್ಡನ್ನು ಯಾವುದಕ್ಕೆ ಎಷ್ಟು ಹಾಕಬೇಕು ಎಂಬುದೂ ಅವರದೇ ತೀರ್ಮಾನ. ಹಾಗಾಗಿ "ಲಂಡನ್ ಕೊಡಲಿಲ್ಲ" ಅಂದ ಕೂಡಲೇ ಶಾಸಕರು ಕೇಳಬೇಕಾದ್ದು "ಕೊಟ್ಟದ್ದನ್ನು ಏನು ಮಾಡಿದಿರಿ?" ಅಂತ.

ಬಜೆಟ್ ಸಮಯದಲ್ಲಿ ಈ ಪ್ರಶ್ನೆಗೆ ಹಲ್ಲು ಬರುತ್ತದೆ. 129 ಸ್ಥಾನಗಳಲ್ಲಿ 56ನ್ನು ಪಕ್ಷಗಳಿಗೆ ಬಿದ್ದ ಮತದ ಪಾಲು ನೋಡಿ ಅವುಗಳ ಪ್ರಾದೇಶಿಕ ಪಟ್ಟಿಯಿಂದ ತುಂಬುವುದರಿಂದ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಅಪರೂಪ. 2009ರ ಜನವರಿಯಲ್ಲಿ ಅಲ್ಪಮತದ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಸರ್ಕಾರದ ಬಜೆಟ್‌ಗೆ 64-64 ಮತ ಬಿತ್ತು. ಮನೆಗಳನ್ನು ಬೆಚ್ಚಗಿಡುವ ಯೋಜನೆಗೆ ಕೊಟ್ಟ ಹಣ ಸಾಲದು ಎಂದು ಇಬ್ಬರು ಗ್ರೀನ್ ಶಾಸಕರು ವಿರುದ್ಧ ನಿಂತಿದ್ದರು. ಸಭಾಧ್ಯಕ್ಷರು ಪದ್ಧತಿಯ ಪ್ರಕಾರ ತಮ್ಮ ನಿರ್ಣಾಯಕ ಮತವನ್ನು ಬಜೆಟ್‌ಗೆ ವಿರುದ್ಧ ಹಾಕಿದರು. ಬಜೆಟ್ ಬಿತ್ತು. ಸರ್ಕಾರ ಮತ್ತೆ ಮಾತುಕತೆಗೆ ಕೂತು, ಮುಂದಿನ ವಾರ ಹೊಸದಾಗಿ ತಂದು ಪಾಸು ಮಾಡಿಸಿಕೊಳ್ಳಬೇಕಾಯಿತು.

ಪ್ರಶ್ನೆ: ಸ್ಕಾಟ್ಲೆಂಡಿನ ಹಡಗು ಹಗರಣದ ಬಗ್ಗೆ ಅಲ್ಲಲ್ಲಿ ಓದಿದ್ದೇನೆ. ಶಾಸಕರು ಅಷ್ಟು ವರ್ಷ ಏನು ಮಾಡುತ್ತಿದ್ದರು? ಸ್ವಲ್ಪ ವಿವರವಾಗಿ ಹೇಳಿ.

ಪಶ್ಚಿಮ ತೀರದ ದ್ವೀಪಗಳ ಜನರಿಗೆ ಹಡಗೇ ರಸ್ತೆ. ಹಡಗು ಬರದಿದ್ದರೆ ಅಂಗಡಿಗೆ ಸಾಮಾನು ಬರುವುದಿಲ್ಲ, ಆಸ್ಪತ್ರೆಗೆ ಹೋಗಬೇಕಾದವರು ದಡದಲ್ಲೇ ಉಳಿಯುತ್ತಾರೆ. ಅದಕ್ಕೇ ಈ ವಿಷಯ ಅಲ್ಲಿ ಇಷ್ಟು ಕಾವೇರಿದ್ದು.

2015ರಲ್ಲಿ ಪೋರ್ಟ್ ಗ್ಲಾಸ್ಗೋದ ಫರ್ಗುಸನ್ ಹಡಗುಕಟ್ಟೆಗೆ ಎರಡು ಹಡಗುಗಳ ಗುತ್ತಿಗೆ ಹೋಯಿತು. ಒಟ್ಟು ಬೆಲೆ 9.7 ಕೋಟಿ ಪೌಂಡ್. ಎರಡೂ 2018ಕ್ಕೆ ಬರಬೇಕಿತ್ತು. ಇಂಥ ಗುತ್ತಿಗೆಯಲ್ಲಿ, ಕೆಲಸ ಕೆಟ್ಟರೆ ಕೊಟ್ಟ ಹಣವನ್ನೆಲ್ಲ ವಾಪಸ್ ಕೊಡುತ್ತೇವೆ ಅಂತ ಹಡಗು ಕಟ್ಟುವವರು ಖಾತರಿ ಕೊಡುವುದು ರೂಢಿ. ಇಲ್ಲಿ ಆ ಪೂರ್ತಿ ಖಾತರಿ ಸಿಗಲಿಲ್ಲ. ಹಡಗು ಕೊಳ್ಳುವ ಸರ್ಕಾರಿ ಸಂಸ್ಥೆಯೇ ಇದು ಅಪಾಯ ಎಂದು ಎಚ್ಚರಿಸಿತ್ತು. ಆದರೂ ಮಂತ್ರಿಗಳು ಒಪ್ಪಿದರು. 2017ರ ನವೆಂಬರ್‌ನಲ್ಲಿ ಮೊದಲ ಹಡಗು ಗ್ಲೆನ್ ಸ್ಯಾನಕ್ಸ್ ಅನ್ನು ನೀರಿಗಿಳಿಸಿದಾಗ ಕೆಲಸ ಇನ್ನೂ ಎಷ್ಟೋ ಬಾಕಿ ಇತ್ತು. ಮುಂಭಾಗದಲ್ಲಿ ಕಿಟಕಿಗಳ ಜಾಗದಲ್ಲಿ ಕಿಟಕಿಯಂತೆ ಕಾಣುವ ಕಪ್ಪು ಬಣ್ಣ ಬಳಿದಿದ್ದರು. 2019ರಲ್ಲಿ ಹಡಗುಕಟ್ಟೆಯೇ ದಿವಾಳಿಯಾಗಿ ಸರ್ಕಾರದ ಕೈಗೆ ಬಂತು. ಗ್ಲೆನ್ ಸ್ಯಾನಕ್ಸ್ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಎರಡು ಹಡಗುಗಳ ಒಟ್ಟು ಖರ್ಚು ಮೊದಲಿನ ಬೆಲೆಯ ನಾಲ್ಕು ಪಟ್ಟು ದಾಟಿತ್ತು.

ಈಗ ಶಾಸಕರ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡ್ ಸಂಸತ್ತಿಗೆ ಮೇಲ್ಮನೆ ಇಲ್ಲ. ಹಾಗಾಗಿ ಮಸೂದೆ ಪರಿಶೀಲಿಸುವುದು, ಇಲಾಖೆಯ ಕೆಲಸ ತನಿಖೆ ಮಾಡುವುದು ಎರಡೂ ಸಮಿತಿಗಳ ಮೇಲೇ ಬೀಳುತ್ತವೆ. 2020ರ ಡಿಸೆಂಬರ್‌ನಲ್ಲಿ ಗ್ರಾಮೀಣ ಆರ್ಥಿಕತೆಯ ಸಮಿತಿ ಈ ಖರೀದಿಯ ನಿರ್ವಹಣೆ ಪೂರ್ತಿ ನೆಲಕಚ್ಚಿದೆ ಎಂಬರ್ಥದ ಕಟು ವರದಿ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಆಡಿಟರ್ ಜನರಲ್ ವರದಿ ಬಂತು. ಅದರಲ್ಲಿದ್ದ ಒಂದು ಮಾತು ಎಲ್ಲರನ್ನೂ ತಟ್ಟಿತು. ಪೂರ್ತಿ ಖಾತರಿ ಇಲ್ಲದೆ ಗುತ್ತಿಗೆ ಕೊಡಲು ಮಂತ್ರಿಗಳು ಯಾಕೆ ಒಪ್ಪಿದರು ಎಂದು ತೋರಿಸುವ ಸಾಕಷ್ಟು ದಾಖಲೆಯೇ ಇಲ್ಲ ಅಂತ. ಯೋಚಿಸಿ ನೋಡಿ, ಕೋಟಿಗಟ್ಟಲೆ ಪೌಂಡಿನ ತೀರ್ಮಾನ, ಕಾರಣ ಬರೆದ ಒಂದು ಹಾಳೆ ಇಲ್ಲ!

ಆ ವರದಿ ನೇರ ಸಾರ್ವಜನಿಕ ಲೆಕ್ಕಪರಿಶೋಧನಾ ಸಮಿತಿಗೆ ಹೋಯಿತು. ಆ ಸಮಿತಿಯ ಅಧ್ಯಕ್ಷಗಿರಿ ಆಡಳಿತ ಪಕ್ಷಕ್ಕೆ ಸಿಗುವುದಿಲ್ಲ. ಸಮಿತಿ ಅಧಿಕಾರಿಗಳನ್ನು, ಹಡಗುಕಟ್ಟೆಯ ಹಳೆಯ ಮಾಲೀಕರನ್ನು, ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿತು. ಸದನದಲ್ಲೂ ಒತ್ತಡ ಹೆಚ್ಚಿತು. ಮೇ ತಿಂಗಳಲ್ಲಿ, ಇಲ್ಲ ಎಂದಿದ್ದ ಒಂದು ಇಮೇಲ್ ಸಿಕ್ಕಿತು ಎಂದು ಸರ್ಕಾರ ಹೇಳಿತು. ಆಗಿನ ಸಾರಿಗೆ ಮಂತ್ರಿ ಒಪ್ಪಿಗೆ ಕೊಟ್ಟದ್ದು ಅದರಲ್ಲಿತ್ತು. ಯಾಕೆ ಎಂಬ ಕಾರಣ ಮಾತ್ರ ಆಗಲೂ ಸರಿಯಾಗಿ ಬಗೆಹರಿಯಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಶಾಸಕರು ಕೆಲಸ ಮಾಡಿದರು, ಆದರೆ ತಡವಾಗಿ ಮಾಡಿದರು. 2015ರಲ್ಲೇ "ಖಾತರಿ ಇದೆಯಾ, ಅದರ ಪ್ರತಿ ಎಲ್ಲಿ?" ಎಂದು ಯಾರಾದರೂ ಪಟ್ಟು ಹಿಡಿದಿದ್ದರೆ ದ್ವೀಪದ ಜನ ಇಷ್ಟು ವರ್ಷ ಪರದಾಡಬೇಕಿರಲಿಲ್ಲವೇನೋ. ಹಡಗುಕಟ್ಟೆ ಉಳಿಯಬೇಕು, ಕೆಲಸ ಉಳಿಯಬೇಕು ಅಂತ ಎಲ್ಲ ಪಕ್ಷದವರಿಗೂ ಆಸೆ ಇತ್ತು. ಎಲ್ಲರೂ ಖುಷಿಪಡುವ ಯೋಜನೆಯನ್ನು ಪ್ರಶ್ನಿಸುವವರು ಕಡಿಮೆ. ಅಂಥ ಕಡೆಯೇ ಜಾಸ್ತಿ ಕೇಳಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕೆಟ್ಟ ಮೇಲೆ ತನಿಖೆ ಸರಿ, ಆದರೆ ಕೆಡುವ ಮೊದಲೇ ಸರ್ಕಾರವನ್ನು ಕಟ್ಟಿಹಾಕುವ ದಾರಿ ಇಲ್ಲವಾ?

ಇದೆ ಮೇಡಂ. ಕಾಯ್ದೆಯೊಳಗೇ ಗಡುವು ಬರೆದುಬಿಡುವುದು. 2012ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿ ಮಾಡುವ ಕಾಯ್ದೆ ಬಂದಾಗ ಸಂಸತ್ತು ಎರಡು ಷರತ್ತು ಹಾಕಿತು. ಜಾರಿಯಾಗಿ ಐದು ವರ್ಷದ ನಂತರ ಪರಿಣಾಮದ ವರದಿ ಕೊಡಬೇಕು. ಸಂಸತ್ತು ಮತ್ತೆ ಒಪ್ಪದಿದ್ದರೆ ಆರು ವರ್ಷಕ್ಕೆ ನಿಯಮ ತಾನಾಗಿ ರದ್ದು. ವಿಸ್ಕಿ ಉದ್ಯಮದವರು ಕೋರ್ಟಿಗೆ ಹೋಗಿದ್ದರಿಂದ ನಿಯಮ ಜಾರಿಗೆ ಬಂದದ್ದು 2018ರ ಮೇ 1ರಂದು, ಒಂದು ಯುನಿಟ್‌ಗೆ (ಪಾನೀಯದಲ್ಲಿರುವ ಆಲ್ಕೋಹಾಲ್ ಅಳೆಯುವ ಮಾನ) 50 ಪೆನ್ಸ್ ಲೆಕ್ಕದಲ್ಲಿ. ಮದ್ಯದಿಂದಲೇ ಆಗುವ ಸಾವುಗಳು ಇದರಿಂದ ಶೇ 13.4ರಷ್ಟು ಕಡಿಮೆಯಾಗಿವೆ ಎಂದು ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ 2023ರಲ್ಲಿ ಅಂದಾಜು ಕೊಟ್ಟಿತು. ಚಟಕ್ಕೆ ಬಿದ್ದವರಿಗೆ ಇದರಿಂದ ಒಳ್ಳೆಯದಾಗಿದೆಯಾ ಎಂಬುದು ಸ್ಪಷ್ಟವಿರಲಿಲ್ಲ, ಸಮಿತಿಯಲ್ಲಿ ಅದನ್ನೂ ಕೇಳಿದರು. 2024ರಲ್ಲಿ ಸಂಸತ್ತು ಮತ ಹಾಕಿ ನಿಯಮವನ್ನು ಮುಂದುವರಿಸಿತು, ಬೆಲೆ 65 ಪೆನ್ಸ್ ಆಯಿತು. ಗಡುವು ಇಲ್ಲದಿದ್ದರೆ ಈ ಚರ್ಚೆ ನಡೆಯುವುದೇ ಅನುಮಾನವಿತ್ತು.

ಹವಾಮಾನ ಕಾಯ್ದೆಯಲ್ಲೂ ಹೀಗೇ. 2030ರೊಳಗೆ ಹಸಿರುಮನೆ ಅನಿಲಗಳನ್ನು ಶೇ 75ರಷ್ಟು ಇಳಿಸುತ್ತೇವೆ ಎಂದು 2019ರಲ್ಲಿ ಕಾಯ್ದೆಯಲ್ಲೇ ಬರೆದರು, ವರ್ಷ ವರ್ಷದ ಗುರಿಯನ್ನೂ ಹಾಕಿಕೊಂಡರು. ಆ ಗುರಿ ತಪ್ಪಿದಾಗಲೆಲ್ಲ ಮಂತ್ರಿ ಸಂಸತ್ತಿಗೆ ಉತ್ತರ ಹೇಳಬೇಕಿತ್ತು. 2024ರ ಮಾರ್ಚ್‌ನಲ್ಲಿ ಸ್ವತಂತ್ರ ಹವಾಮಾನ ಸಮಿತಿ ಈ ಗುರಿ ಇನ್ನು ನಂಬುವಂತಿಲ್ಲ ಅಂದಿತು. ಏಪ್ರಿಲ್‌ನಲ್ಲಿ ಸರ್ಕಾರ ಗುರಿ ಕೈಬಿಡುತ್ತೇವೆ ಎಂದು ಸದನದಲ್ಲಿ ಒಪ್ಪಿಕೊಳ್ಳಬೇಕಾಯಿತು. ಗುರಿ ಸೋತದ್ದು ಬೇಸರದ ವಿಷಯ. ಆದರೆ ಕದ್ದುಮುಚ್ಚಿ ಸೋಲಲು ಕಾಯ್ದೆ ಬಿಡಲಿಲ್ಲ.

ಪ್ರಶ್ನೆ: ಕೊನೆಗೆ ಸರ್ಕಾರವನ್ನು ಇಳಿಸುವ ಶಕ್ತಿ ಶಾಸಕರಿಗೆ ಇದೆಯಾ, ಅಥವಾ ಅದೂ ಲಂಡನ್ ಕೈಯಲ್ಲೇ?

ಶಾಸಕರ ಕೈಯಲ್ಲೇ. ಸರ್ಕಾರದ ಮೇಲೆ ವಿಶ್ವಾಸ ಇಲ್ಲ ಎಂದು ಸಂಸತ್ತು ನಿರ್ಣಯ ಮಾಡಿದರೆ ಫಸ್ಟ್ ಮಿನಿಸ್ಟರ್ ರಾಜೀನಾಮೆ ಕೊಡಲೇಬೇಕು, ಇದು ಕಾಯ್ದೆಯಲ್ಲಿದೆ. ಒಬ್ಬರ ಮೇಲೆ ಮಾತ್ರ ಅವಿಶ್ವಾಸ ಗೆದ್ದರೆ ಕಾನೂನಿನ ಒತ್ತಾಯ ಇಲ್ಲ, ಆದರೆ ಕುರ್ಚಿಯಲ್ಲಿ ಕೂರುವುದು ಕಷ್ಟ. ಮೇಲೆ ಹೇಳಿದ ಹವಾಮಾನ ಗುರಿ ಬಿಟ್ಟದ್ದರಿಂದ ಗ್ರೀನ್ ಪಕ್ಷದಲ್ಲಿ ಸಿಟ್ಟು ಎದ್ದಿತ್ತು. ಫಸ್ಟ್ ಮಿನಿಸ್ಟರ್ ಹಮ್ಜಾ ಯೂಸುಫ್ 2024ರ ಏಪ್ರಿಲ್ 25ರಂದು ತಾವೇ ಗ್ರೀನ್ ಜೊತೆಗಿನ ಅಧಿಕಾರ ಹಂಚಿಕೆಯ ಒಪ್ಪಂದ ಮುರಿದರು. ಕೂಡಲೇ ಅವರ ಮೇಲೆ ಅವಿಶ್ವಾಸ ನಿರ್ಣಯ ಬಂತು, ಗ್ರೀನ್ ಶಾಸಕರು ಯೂಸುಫ್ ಅವರನ್ನು ಬೆಂಬಲಿಸುವುದಿಲ್ಲ ಅಂದರು, 29ಕ್ಕೆ ಯೂಸುಫ್ ರಾಜೀನಾಮೆ ಘೋಷಿಸಿದರು. ಮತಕ್ಕೆ ಹಾಕುವ ಮೊದಲೇ ಮುಗಿಯಿತು.

ಈ ಅಸ್ತ್ರ ಕಡತ ಹೊರಗೆಳೆಯಲೂ ಬರುತ್ತದೆ. ಮಾಜಿ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಲ್ಮಂಡ್ ಮೇಲಿನ ದೂರುಗಳನ್ನು ಸರ್ಕಾರ ನಿಭಾಯಿಸಿದ ರೀತಿಯ ವಿಚಾರಣೆ ನಡೆಯುತ್ತಿದ್ದಾಗ, ಸರ್ಕಾರಕ್ಕೆ ಸಿಕ್ಕ ಕಾನೂನು ಸಲಹೆ ಕೊಡಿ ಎಂದು ಸಂಸತ್ತು 2020ರ ನವೆಂಬರ್‌ನಲ್ಲಿ ಎರಡು ಸಲ ಮತ ಹಾಕಿತು. ಸರ್ಕಾರ ಕೊಡಲಿಲ್ಲ. 2021ರ ಮಾರ್ಚ್‌ನಲ್ಲಿ ಉಪ ಫಸ್ಟ್ ಮಿನಿಸ್ಟರ್ ಜಾನ್ ಸ್ವಿನ್ನಿ ಮೇಲೆ ಅವಿಶ್ವಾಸ ತರುತ್ತೇವೆ ಅಂದಾಗ ಕಾಗದಗಳು ಒಂದೊಂದಾಗಿ ಹೊರಬಂದವು. ಎರಡು ನಿರ್ಣಯ ಮಾಡದ ಕೆಲಸವನ್ನು ಒಂದು ಬೆದರಿಕೆ ಮಾಡಿತು. ಇದು ಸರಿಯಾದ ಪದ್ಧತಿ ಅಂತ ನನಗೆ ಅನ್ನಿಸುವುದಿಲ್ಲ. ಸಂಸತ್ತು ಮತ ಹಾಕಿ ಕೇಳಿದ ದಾಖಲೆ ಮೊದಲ ಸಲವೇ ಬರಬೇಕು.

ಪ್ರಶ್ನೆ: ಉತ್ತರ ಐರ್ಲೆಂಡಿನ ಶಾಸನಸಭೆ ವರ್ಷಗಟ್ಟಲೆ ಮುಚ್ಚಿತ್ತಂತೆ. ಆಗ ಯಾರು ಕೇಳುತ್ತಾರೆ?

ಸರಿಯಾಗಿ ಕೇಳುವವರೇ ಇರಲಿಲ್ಲ. ಅಲ್ಲಿ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರು, ಈ ಎರಡೂ ಸಮುದಾಯದ ದೊಡ್ಡ ಪಕ್ಷಗಳು ಜೊತೆಗೆ ಕೂತರೆ ಮಾತ್ರ ಸರ್ಕಾರ. 2012ರಲ್ಲಿ ಶುರುವಾದ ಒಂದು ಸಬ್ಸಿಡಿ ಯೋಜನೆಯಲ್ಲಿ ಮರದ ಉಂಡೆ ಸುಡುವ ಬಾಯ್ಲರ್ ಇಟ್ಟವರಿಗೆ ಇಂಧನದ ಖರ್ಚಿಗಿಂತ ಜಾಸ್ತಿ ಹಣ ಸಿಗುತ್ತಿತ್ತು, ಮಿತಿಯೇ ಇರಲಿಲ್ಲ. ಜಾಸ್ತಿ ಸುಟ್ಟಷ್ಟೂ ಲಾಭ. ಇದರ ಬಗ್ಗೆ 2016ರಲ್ಲಿ ಲೆಕ್ಕಪರಿಶೋಧಕರು ವರದಿ ಕೊಟ್ಟರು, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆದು ಕೇಳಲು ಶುರುಮಾಡಿತು. ಆದರೆ ಅದೇ ಹಗರಣದ ಜಗಳದಲ್ಲಿ 2017ರ ಜನವರಿಯಲ್ಲಿ ಸರ್ಕಾರ ಬಿತ್ತು, 2020ರ ಜನವರಿವರೆಗೆ ಮತ್ತೆ ಏಳಲಿಲ್ಲ. 2022ರ ಫೆಬ್ರವರಿಯಿಂದ ಎರಡು ವರ್ಷ ಮತ್ತೆ ಅದೇ ಕಥೆ, ಈ ಸಲ ಬ್ರೆಕ್ಸಿಟ್ ನಂತರದ ವ್ಯಾಪಾರ ನಿಯಮಗಳ ಜಗಳ.

ಮಂತ್ರಿಗಳಿಲ್ಲದೆ ಇಲಾಖೆಗಳನ್ನು ಅಧಿಕಾರಿಗಳೇ ನಡೆಸಿದರು. ಬಜೆಟ್ ಲಂಡನ್ನಿನಲ್ಲಿ ಪಾಸಾಯಿತು. ಆಸ್ಪತ್ರೆಗಳ ಕಾಯುವ ಪಟ್ಟಿ ಬೆಳೆಯಿತು. ಲೆಕ್ಕಪರಿಶೋಧಕರು ತಮ್ಮ ವರದಿಗಳನ್ನು ಬರೆಯುತ್ತಲೇ ಇದ್ದರು, ಆದರೆ ಸಭೆ ಮುಚ್ಚಿದ್ದಷ್ಟು ಕಾಲ ಆ ವರದಿ ಹಿಡಿದು ಅಧಿಕಾರಿಯನ್ನು ಎದುರಿಗೆ ಕೂರಿಸಿ ಕೇಳಲು ಸಮಿತಿಯೇ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಸಭೆ ಮತ್ತೆ ಸೇರಿತು, ಸಮಿತಿಗಳನ್ನೂ ಹೊಸದಾಗಿ ರಚಿಸಿದರು.