ಪ್ರೀತಿಯೂ ವಿವೇಚನೆಯೂ ಒಟ್ಟಿಗೆ ಬೆಳೆಯಲಿ ಎಂದು ಪ್ರಾರ್ಥಿಸುವುದು ಹೇಗೆ?

ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಗೆ ಸೆರೆಯಿಂದ ಬರೆದ ಪತ್ರ ಬೈಬಲಿನಲ್ಲಿದೆ; ಅದರ (ಫಿಲಿಪ್ಪಿಯವರಿಗೆ) 1:9–11ರ ಪ್ರಾರ್ಥನೆಯನ್ನೇ ಮಾದರಿಯಾಗಿ ಹಿಡಿಯಿರಿ. ಬರೀ ಪ್ರೀತಿ ಹೆಚ್ಚಲಿ ಎಂದು ಅವನು ಬೇಡುವುದಿಲ್ಲ, ಅರಿವು ವಿವೇಚನೆಗಳೊಂದಿಗೆ ಹೆಚ್ಚಲಿ ಎನ್ನುತ್ತಾನೆ. ವಿವೇಚನೆಗೆ ಅಲ್ಲಿರುವ ಗ್ರೀಕ್ ಪದ ‘ಐಸ್ಥೆಸಿಸ್’, ಅಂದರೆ ಸೂಕ್ಷ್ಮವನ್ನು ಗ್ರಹಿಸುವ ಶಕ್ತಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಇದೊಂದೇ ಕಡೆ. 10ನೇ ವಚನದಲ್ಲಿ ಉತ್ತಮವಾದದ್ದನ್ನು ಪರೀಕ್ಷಿಸಿ ಗುರುತಿಸುವುದಕ್ಕೆ ಇರುವ ‘ದೊಕಿಮಾಜೊ’ ಲೋಹವನ್ನು ಪರೀಕ್ಷಿಸುವುದಕ್ಕೂ ಬಳಸುತ್ತಿದ್ದ ಮಾತು.

ಆದ್ದರಿಂದ ಒಬ್ಬ ವ್ಯಕ್ತಿಯನ್ನು, ಒಂದು ನಿರ್ಧಾರವನ್ನು ಹೆಸರಿಸಿಯೇ ಬೇಡಿ. ಕುಡಿತಕ್ಕೆ ಬಿದ್ದ ತಮ್ಮ ಸಾಲ ಕೇಳುತ್ತಿದ್ದಾನೆ ಎನ್ನಿ. ದುಡ್ಡು ಕೊಡುವುದೂ ಪ್ರೀತಿಯಂತೆ ಕಾಣುತ್ತದೆ. ಅವನ ಮನೆಗೆ ರೇಷನ್ ತಂದುಹಾಕಿ, ಆಸ್ಪತ್ರೆಗೆ ಅವನ ಜೊತೆ ಹೋಗುವುದೂ ಪ್ರೀತಿಯೇ. ಯಾವುದು ಉತ್ತಮ? ಈ ಪ್ರಶ್ನೆಯನ್ನೇ ದೇವರ ಮುಂದಿಡಿ. ಮೂರು ವಚನಗಳನ್ನು ನಿಧಾನವಾಗಿ ಓದಿ, ಐದು ನಿಮಿಷ ಮೌನವಾಗಿ ಕೂತು, ಹೊಳೆದದ್ದನ್ನು ಬರೆದಿಡಿ. ಒಂದು ವಾರ ಅದಕ್ಕಾಗಿಯೇ ಪ್ರಾರ್ಥಿಸಿ, ಸಭೆಯ ಹಿರಿಯರೊಬ್ಬರ ಹತ್ತಿರ ಮಾತಾಡಿ.

ಮೊದಲು ಹೊಳೆದದ್ದೇ ದೇವರ ಉತ್ತರ ಎಂದುಕೊಳ್ಳುವಲ್ಲಿ ಹಲವರು ಎಡವುತ್ತಾರೆ. ಭಯ, ಸಿಟ್ಟು, ಅಪರಾಧಪ್ರಜ್ಞೆ ಕೂಡ ಒಳಗಿನಿಂದ ಅಷ್ಟೇ ಗಟ್ಟಿಯಾಗಿ ಮಾತಾಡುತ್ತವೆ. ವಾರದ ಗಡುವು ಅದಕ್ಕೇ. ಇನ್ನು, ವಿವೇಚನೆಯ ಹೆಸರಲ್ಲಿ ಬೇರೆಯವರ ತಪ್ಪು ಎಣಿಸಬೇಡಿ. ಪೌಲನು ಬೇಡಿದ್ದು ಪ್ರೀತಿಸುವವರೇ ನಿರ್ಮಲರಾಗಿರಲಿ ಎಂದು.