ಹಳೇ ಫೋನಿಗೆ ಇಷ್ಟದ ಹಾಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ರಿಂಗ್‌ಟೋನ್ ಕುರಿತೇ ಜಾಸ್ತಿ ಇದ್ದವು. ಅದೂ ಹಳೇ ಫೋನಿನವರದ್ದು. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಅಪ್ಪನ ಹತ್ತಿರ ಇರುವುದು ಬಟನ್ ಫೋನ್. ಅವರಿಗೆ ಯಕ್ಷಗಾನ ಅಂದರೆ ಪ್ರಾಣ. ಭಾಗವತರ ಒಂದು ಪದ್ಯ ರಿಂಗ್‌ಟೋನ್ ಆಗಿ ಬೇಕು ಅಂತಾರೆ. ಆ ಪದ್ಯವನ್ನು ಯಾರೋ ವಾಯ್ಸ್ ಮೆಸೇಜ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನೇ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟೆ. ಕಾರ್ಡಿನಲ್ಲಿ ಫೈಲ್ ಇದೆ, ರಿಂಗ್‌ಟೋನ್ ಪಟ್ಟಿಯಲ್ಲಿ ಮಾತ್ರ ಕಾಣುತ್ತಿಲ್ಲ. ಅಂಗಡಿಯವರು ಫೋನ್ ಹಳೇದಾಯಿತು, ಹೊಸದು ತಗೊಳ್ಳಿ ಅಂತಾರೆ. ಅಪ್ಪ ಸುತಾರಾಂ ಒಪ್ಪುತ್ತಿಲ್ಲ. ಏನು ಮಾಡಲಿ?
— ಹೊನ್ನಾವರ ಕಡೆಯ ಓದುಗರು

ಉತ್ತರ: ಅಪ್ಪ ಹೇಳುವುದೇ ಸರಿ. ಹೊಸ ಫೋನ್ ಬೇಡ. ತೊಂದರೆ ಇರುವುದು ಫೈಲಿನಲ್ಲಿ.

ವಾಟ್ಸಾಪಿನ ವಾಯ್ಸ್ ಮೆಸೇಜ್ ಓಪಸ್ ಅನ್ನುವ ಬಗೆಯಲ್ಲಿ ಉಳಿಯುತ್ತದೆ. ಸ್ಮಾರ್ಟ್‌ಫೋನ್ ಅದನ್ನು ಸಲೀಸಾಗಿ ಓದುತ್ತದೆ, ಹಳೇ ಬಟನ್ ಫೋನಿಗೆ ಅದು ಹಾಡು ಅಂತಲೇ ಗೊತ್ತಾಗುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿ ತೋರಿಸುವುದಿಲ್ಲ. ಕೆಲವರು ಫೈಲಿನ ಹೆಸರಿನ ಕೊನೆಗೆ ಎಂಪಿ3 ಅಂತ ಸೇರಿಸಿ ನೋಡುತ್ತಾರೆ. ಹೆಸರು ಬದಲಾದರೆ ಒಳಗಿರುವುದು ಬದಲಾಗುವುದಿಲ್ಲ, ಆ ಕೆಲಸ ಸುಮ್ನೆ ದಂಡ. ನಿಜವಾಗಿ ಎಂಪಿ3 ಮಾಡಿಕೊಳ್ಳಬೇಕು. ಕಂಪ್ಯೂಟರ್ ಇದ್ದರೆ ವಿಎಲ್‌ಸಿ ಪ್ಲೇಯರ್ ಸಾಕು, ಅದರ ಮೀಡಿಯಾ ಮೆನುವಿನಲ್ಲಿ ಕನ್ವರ್ಟ್/ಸೇವ್ ಅಂತ ಇದೆ, ಅಲ್ಲಿ ಆಡಿಯೊ ಎಂಪಿ3 ಅಂತ ಆರಿಸಿ.

ಇನ್ನು ಕತ್ತರಿಸುವ ಕೆಲಸ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮುಖ್ಯವಾದದ್ದು ಇದೇ. ಫೋನ್ ಕಂಪನಿಗಳಿಗೆ ನಿಯಮ ಹಾಕುವ ಕೇಂದ್ರದ ಸಂಸ್ಥೆ ಟ್ರಾಯ್ 2019ರಲ್ಲಿ ಒಂದು ನಿಯಮ ತಂದಿತು: ಕರೆ ತೆಗೆದುಕೊಳ್ಳದೆ ಇದ್ದರೆ ಮೊಬೈಲ್ 30 ಸೆಕೆಂಡ್ ರಿಂಗ್ ಆಗಬೇಕು, ಲ್ಯಾಂಡ್‌ಲೈನ್ 60 ಸೆಕೆಂಡ್. ಅಂದರೆ ನಿಮ್ಮ ಹಾಡಿಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ ನಿಮಿಷ. ಪದ್ಯವನ್ನು ಮೊದಲಿನಿಂದ ಪೂರ್ತಿ ಹಾಕಿದರೆ ಭಾಗವತರು ರಾಗ ಎಳೆಯುವಷ್ಟರಲ್ಲೇ ಕರೆ ನಿಂತುಹೋಗುತ್ತದೆ, ತೋಟದಲ್ಲಿರುವ ಅಪ್ಪನಿಗೆ ಕೇಳಿಸುವುದೇ ಇಲ್ಲ. ಆಡಾಸಿಟಿ ಅನ್ನುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಂಪಿ3 ತೆರೆದರೆ ಸದ್ದು ಗೆರೆಗಳಾಗಿ ಕಾಣುತ್ತದೆ. ಎತ್ತರದ ಗೆರೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ 30 ಸೆಕೆಂಡ್ ಇಟ್ಟುಕೊಂಡು ಉಳಿದದ್ದು ಅಳಿಸಿ.

ಯಾವ ಭಾಗ ಇಟ್ಟುಕೊಳ್ಳಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಬಟನ್ ಫೋನಿನ ಸ್ಪೀಕರ್ ಉಗುರಿನಷ್ಟು. ತಗ್ಗಿನ ನಾದ ಅದರಿಂದ ಬರುವುದೇ ಇಲ್ಲ. ಮದ್ದಳೆಯ ಗಂಭೀರ ಪೆಟ್ಟು ಅದರಲ್ಲಿ ಪೂರಾ ಮಾಯ. ಚಂಡೆ, ತಾಳ, ಭಾಗವತರ ಏರುದನಿ ಮಾತ್ರ ಖಣಿ ಖಣಿ ಅಂತ ಹೊರಗೆ ಬರುತ್ತವೆ. ಪದ್ಯ ಏರಿಗೆ ಹೋಗಿ ಚಂಡೆ ಸೇರಿಕೊಳ್ಳುವ ಜಾಗ ಗೊತ್ತಲ್ವಾ, ಅದನ್ನೇ ಆರಿಸಿ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ಜಾಗ ಅಂತ ಅವರೇ ಹೇಳಿಯಾರು. ಸದ್ದು ಸಣ್ಣದಿದ್ದರೆ ಎಫೆಕ್ಟ್ ಮೆನುವಿನಲ್ಲಿ ನಾರ್ಮಲೈಸ್ ಕೊಡಿ. ಜೋರು ಬೇಕು ಅಂತ ಮಿತಿ ಮೀರಿ ಏರಿಸಬೇಡಿ, ಸದ್ದು ಒಡೆದು ಗರಗರ ಅನ್ನುತ್ತದೆ.

ಕೊನೆಗೆ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಬಿಟ್ ರೇಟ್, ಅಂದರೆ ಒಂದು ಸೆಕೆಂಡಿನ ಸದ್ದಿಗೆ ಹಿಡಿಯುವ ಜಾಗ, 128 ಕೆಬಿಪಿಎಸ್, ಕಾನ್‌ಸ್ಟಂಟ್ ಅಂತ ಇಡಿ. 30 ಸೆಕೆಂಡಿಗೆ ಸುಮಾರು 480 ಕೆಬಿ ಆಗುತ್ತದೆ. ಕೆಲವು ಫೋನ್‌ಗಳು ದೊಡ್ಡ ಫೈಲನ್ನು ರಿಂಗ್‌ಟೋನ್ ಆಗಿ ಒಪ್ಪುವುದಿಲ್ಲ. ಹಾಗೇನಾದರೂ ಆದರೆ 64 ಕೆಬಿಪಿಎಸ್, ಮೊನೊ (ಒಂದೇ ಸ್ಪೀಕರಿನ ಸದ್ದು) ಮಾಡಿ, ಅರ್ಧಕ್ಕೆ ಇಳಿದು 240 ಕೆಬಿ ಆಗುತ್ತದೆ. ಫೋನಿಗೆ ಇರುವುದೇ ಒಂದು ಸ್ಪೀಕರ್, ಸ್ಟೀರಿಯೊ ಹೋದರೆ ನಷ್ಟವಿಲ್ಲ. ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡಿ. ಕನ್ನಡ ಅಕ್ಷರ ಬಾರದ ಫೋನಿನಲ್ಲಿ ಬರೀ ಚೌಕಗಳು ಕಾಣುತ್ತವೆ, ಯಾವುದು ಯಾವ ಹಾಡು ಅಂತ ಅಪ್ಪನಿಗೆ ತಿಳಿಯುವುದಿಲ್ಲ.

ಕಾರ್ಡಿನಲ್ಲಿ ಆಡಿಯೊ, ಮೈ ಮ್ಯೂಸಿಕ್ ಅಂತ ಫೋನೇ ಮಾಡಿಟ್ಟ ಫೋಲ್ಡರ್ ಇರುತ್ತದೆ. ಫೈಲನ್ನು ಅದರೊಳಗೇ ಹಾಕಿ. ಆಮೇಲೆ ಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೊಫೈಲ್ಸ್, ಜನರಲ್, ಕಸ್ಟಮೈಸ್, ಹೀಗೆ ಒಳಗೆ ಹೋದರೆ ಇನ್‌ಕಮಿಂಗ್ ಕಾಲ್ ಟೋನ್ ಸಿಗುತ್ತದೆ. ಹಳೇ ನೋಕಿಯಾ ಆದರೆ ಸೆಟ್ಟಿಂಗ್ಸ್‌ನ ಟೋನ್ಸ್ ಒಳಗೆ ರಿಂಗ್‌ಟೋನ್, ಅಲ್ಲಿಂದ ಗ್ಯಾಲರಿ ತೆರೆಯಬೇಕು. ಮೆನು ಒಂದೊಂದು ಫೋನಿನಲ್ಲಿ ಒಂದೊಂದು ಥರ, ಹಾಗಾಗಿ ಸುಲಭದ ದಾರಿ ಇನ್ನೊಂದಿದೆ: ಫೈಲ್ ಮ್ಯಾನೇಜರಿನಲ್ಲಿ ಹಾಡಿನ ಮೇಲೆ ನಿಂತು ಆಪ್ಷನ್ಸ್ ಒತ್ತಿ, ಯೂಸ್ ಆ್ಯಸ್ ಅಥವಾ ಸೆಟ್ ಆ್ಯಸ್ ಅಂತ ಇದ್ದರೆ ಅದನ್ನು ಆರಿಸಿ. ಫೋನಿನ ಮೆಮೊರಿಯಲ್ಲಿ ಜಾಗ ಇದ್ದರೆ ಹಾಡನ್ನು ಅಲ್ಲಿಗೇ ಕಾಪಿ ಮಾಡಿಡಿ. ಕಾರ್ಡ್ ತೆಗೆದರೆ ಟೋನ್ ಹೋಗಿಬಿಡುತ್ತದೆ.

ಹೊಸ ಕಾರ್ಡ್ ಕೊಳ್ಳುವುದಿದ್ದರೆ ಇದನ್ನೂ ನೋಡಿಕೊಳ್ಳಿ. ತೀರಾ ಹಳೇ ಫೋನ್‌ಗಳು 2 ಜಿಬಿವರೆಗಿನ ಮೈಕ್ರೊ ಎಸ್‌ಡಿ ಕಾರ್ಡನ್ನಷ್ಟೇ ಓದುತ್ತವೆ. ಅದಕ್ಕಿಂತ ದೊಡ್ಡದು, 32 ಜಿಬಿವರೆಗಿನದು, ಎಸ್‌ಡಿಎಚ್‌ಸಿ ಅನ್ನುವ ಬೇರೆ ಜಾತಿ. ಅಂಗಡಿಯಲ್ಲೇ ಫೋನಿಗೆ ಹಾಕಿ ನೋಡಿ ದುಡ್ಡು ಕೊಡಿ.

ಎಲ್ಲ ಫೋನಿನಲ್ಲೂ ಇದು ಸಾಧ್ಯ ಅಂತ ಹೇಳಲಾರೆ. 2003ರ ನೋಕಿಯಾ 1100ರಲ್ಲಿ ಒಂಟಿ ಸ್ವರದ ಟೋನ್ ಬಿಟ್ಟು ಬೇರೇನೂ ನುಡಿಯುವುದಿಲ್ಲ. 2013ರಲ್ಲಿ ಬಂದ ನೋಕಿಯಾ 105ಕ್ಕೆ ಕಾರ್ಡ್ ಹಾಕುವ ಜಾಗವೇ ಇಲ್ಲ, ಬ್ಲೂಟೂತೂ ಇಲ್ಲ. ಅವುಗಳಿಗೆ ಹಾಡು ಹಾಕಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ಮೆಸೇಜ್ ಬಂತು ಅಂತ ಒತ್ತಿ ಹಾಡು ಹಾಕಿಸಿಕೊಂಡೆ. ದುಡ್ಡು ಕಟ್ ಆಗುತ್ತಲೇ ಇದೆ, ನನ್ನ ಫೋನ್ ಮಾತ್ರ ಹಳೇ ಟೋನನ್ನೇ ಹೊಡೆದುಕೊಳ್ಳುತ್ತಿದೆ!
— ಚಿತ್ರದುರ್ಗದ ಓದುಗರು

ಉತ್ತರ: ನೀವು ಹಾಕಿಸಿಕೊಂಡಿದ್ದು ಕಾಲರ್ ಟ್ಯೂನ್. ಅದು ನಿಮಗೆ ಕರೆ ಮಾಡಿದವರ ಕಿವಿಗೆ ಕೇಳುವ ಹಾಡು. ಇರುವುದು ಸಿಮ್ ಕಂಪನಿಯ ಯಂತ್ರದಲ್ಲಿ, ನಿಮ್ಮ ಫೋನಿಗೂ ಅದಕ್ಕೂ ಸಂಬಂಧವಿಲ್ಲ. ಬೇಡವಾದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಿ, ಆ ಕರೆಗೆ ಕಾಸು ಹೋಗುವುದಿಲ್ಲ. ನಿಲ್ಲಿಸಿದ್ದಕ್ಕೆ ಬಂದ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ. ನಿಮ್ಮ ಫೋನೇ ಹಾಡಬೇಕು ಅಂದರೆ ಮೇಲಿನ ಉತ್ತರ ಓದಿ, ಅದಕ್ಕೆ ತಿಂಗಳ ಬಾಡಿಗೆ ಇಲ್ಲ.

ಪ್ರಶ್ನೆ: ನನ್ನದು ಹಳೇ ಆಂಡ್ರಾಯ್ಡ್. ಇಷ್ಟದ ಭಾವಗೀತೆ ರಿಂಗ್‌ಟೋನ್ ಇಟ್ಟಿರುತ್ತೇನೆ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಕಂಪನಿ ಟೋನ್ ವಾಪಸ್ ಬಂದಿರುತ್ತದೆ.
— ಮೈಸೂರಿನ ಓದುಗರು

ಉತ್ತರ: ಹಾಡು ಮೆಮೊರಿ ಕಾರ್ಡಿನಲ್ಲಿ ಇದೆ ಅಂತ ಕಾಣುತ್ತದೆ. ಫೋನ್ ಆನ್ ಆದಾಗ ಕಾರ್ಡ್ ಓದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಹಾಡು ಸಿಗದೆ ಹೋದರೆ ಫೋನ್ ತನ್ನದೇ ಟೋನಿಗೆ ಇಳಿಯುತ್ತದೆ. ಫೋನಿನ ಒಳಗಿನ ಮೆಮೊರಿಯಲ್ಲಿ ರಿಂಗ್‌ಟೋನ್ಸ್ ಅನ್ನುವ ಫೋಲ್ಡರ್ ಇದೆಯೇ ನೋಡಿ, ಇಲ್ಲದಿದ್ದರೆ ಆ ಹೆಸರಿನಲ್ಲಿ ಒಂದು ಮಾಡಿ, ಇಂಗ್ಲಿಷ್ ಸ್ಪೆಲಿಂಗ್ ಸರಿಯಾಗಿರಲಿ. ಹಾಡನ್ನು ಅಲ್ಲಿಗೆ ಕಾಪಿ ಮಾಡಿ ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನ ಸೌಂಡ್ ಒಳಗಿನ ರಿಂಗ್‌ಟೋನ್ ಪಟ್ಟಿಯಲ್ಲಿ ಕಂಪನಿ ಟೋನ್‌ಗಳ ಜೊತೆಗೇ ನಿಮ್ಮ ಹಾಡೂ ಬಂದಿರುತ್ತದೆ. ಇದಕ್ಕೆ ಯಾವ ಆ್ಯಪೂ ಬೇಡ. ರಿಂಗ್‌ಟೋನ್ ಆ್ಯಪ್ ಅಂತ ಹಾಕಿಕೊಂಡು, ಅದು ಕಾಂಟ್ಯಾಕ್ಟ್ಸ್, ಲೊಕೇಶನ್ ಎಲ್ಲ ಕೇಳಿದ್ದಕ್ಕೆ ಹೂಂ ಅಂದು, ಆಮೇಲೆ ದಿನವಿಡೀ ಜಾಹೀರಾತು ನೋಡುತ್ತಾ ಕೂತವರು ತುಂಬಾ ಜನ ಇದ್ದಾರೆ.

ಇನ್ನೊಂದು ವಿಷಯ. ಹಾಡು ಕೇಳಿಸುವ ಆ್ಯಪಿನೊಳಗೆ ಡೌನ್‌ಲೋಡ್ ಮಾಡಿಟ್ಟ ಹಾಡು ಆ ಆ್ಯಪಿನೊಳಗೇ ಬೀಗ ಹಾಕಿಕೊಂಡು ಇರುತ್ತದೆ. ಅದನ್ನು ರಿಂಗ್‌ಟೋನ್ ಮಾಡಲು ಬರುವುದಿಲ್ಲ.

ಪ್ರಶ್ನೆ: ಮಗ ಬಳಸಿ ಬಿಟ್ಟ ಹಳೇ ಐಫೋನ್ ನನಗೆ ಬಂದಿದೆ. ಬ್ಲೂಟೂತ್‌ನಲ್ಲಿ ಹಾಡು ಕಳಿಸಿದರೆ ತಗೊಳ್ಳುವುದೇ ಇಲ್ಲವಲ್ಲ?
— ದಾವಣಗೆರೆಯ ಓದುಗರು

ಉತ್ತರ: ತಗೊಳ್ಳುವುದಿಲ್ಲ. ಬೇರೆ ಫೋನಿನಿಂದ ಬ್ಲೂಟೂತ್‌ನಲ್ಲಿ ಫೈಲ್ ಪಡೆಯುವ ಸೌಲಭ್ಯ ಐಫೋನಿಗೆ ಇಲ್ಲ. ಹಾಡನ್ನು ಮೇಲ್ ಮಾಡಿ ಐಫೋನಿನ ಫೈಲ್ಸ್ ಆ್ಯಪಿನಲ್ಲಿ ಉಳಿಸಿಕೊಳ್ಳಿ. ಆಪಲ್‌ನದೇ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಉಚಿತ. ಅದರಲ್ಲಿ ಹಾಡು ತೆರೆದು, 30 ಸೆಕೆಂಡಿಗೆ ಕತ್ತರಿಸಿ, ಶೇರ್ ಒತ್ತಿ ರಿಂಗ್‌ಟೋನ್ ಅಂತ ಆರಿಸಿ.

ಪ್ರಶ್ನೆ: ಸಿನಿಮಾ ಹಾಡನ್ನು ಹೀಗೆ ಕತ್ತರಿಸಿ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ ಅಲ್ವಾ?
— ಹಾಸನದ ಓದುಗರು

ಉತ್ತರ: ನೀವು ದುಡ್ಡು ಕೊಟ್ಟು ತಂದ ಸಿ.ಡಿ.ಯ ಹಾಡನ್ನು ನಿಮ್ಮ ಸ್ವಂತ ಫೋನಿಗೆ ಹಾಕಿಕೊಂಡರೆ ಹೆದರುವುದು ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತದೆ. ಅದೇ ಹಾಡುಗಳನ್ನು ಕಾರ್ಡಿಗೆ ತುಂಬಿಸಿ ಮಾರುವುದು ಬೇರೆ ಮಾತು, ಅದು ತಪ್ಪು. ಹಾಡಿದವರು, ಬರೆದವರು, ನುಡಿಸಿದವರ ಅನ್ನ ಅದು.

ಪ್ರಶ್ನೆ: ಅಜ್ಜಿಗೆ ಓದಲು ಬರುವುದಿಲ್ಲ, ಕಿವಿಯೂ ಮಂದ. ಫೋನ್ ಬಂದದ್ದು ಗೊತ್ತಾದರೂ ಯಾರದು ಅಂತ ತಿಳಿಯದೆ ಗಾಬರಿಯಾಗುತ್ತಾರೆ. ಯಾರು ಯಾರೋ ಬ್ಯಾಂಕಿನವರು ಅಂತ ಮಾತಾಡಿಸುವ ಕಾಲ ಇದು, ನನಗೂ ಭಯ. ಬಟನ್ ಫೋನಿನಲ್ಲಿ ಏನಾದರೂ ಮಾಡಬಹುದಾ?
— ಧಾರವಾಡದ ಓದುಗರು

ಉತ್ತರ: ಖಂಡಿತ ಮಾಡಬಹುದು. ರಿಂಗ್‌ಟೋನಿನಿಂದ ನಿಜವಾದ ಉಪಕಾರ ಆಗುವುದು ಇಂಥ ಕಡೆ.

ಅಜ್ಜಿಗೆ ಹೆಸರು ಓದಲು ಬರದಿದ್ದರೆ ಫೋನೇ ಹೆಸರು ಹೇಳಲಿ. ನಿಮ್ಮ ಸ್ಮಾರ್ಟ್‌ಫೋನಿನಲ್ಲಿ ರೆಕಾರ್ಡ್ ಮಾಡಿ: "ಅಜ್ಜಿ, ನಾನು ನಿಮ್ಮ ಮೊಮ್ಮಗಳು, ಫೋನ್ ಎತ್ತ್ರಿ." ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಹೇಳಿ. ನಿಧಾನಕ್ಕೆ, ಬಿಡಿಸಿ, ನಡುವೆ ತುಸು ಬಿಟ್ಟು, ಅದನ್ನೇ ಮತ್ತೆ ಮತ್ತೆ ಹೇಳಿ ಅರ್ಧ ನಿಮಿಷ ತುಂಬಿಸಿ. ಅಮ್ಮನ ದನಿಯಲ್ಲಿ ಒಂದು, ಮಾವನ ದನಿಯಲ್ಲಿ ಒಂದು ಮಾಡಿ. ಬಟನ್ ಫೋನಿನಲ್ಲೇ ರೆಕಾರ್ಡ್ ಮಾಡಬೇಡಿ, ತುಂಬಾ ಫೋನ್‌ಗಳು ಎಎಂಆರ್ ಬಗೆಯಲ್ಲಿ ಉಳಿಸುತ್ತವೆ, ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಮಾಡಿದ್ದನ್ನು ಎಂಪಿ3 ಮಾಡಿ ಕಾರ್ಡಿಗೆ ಹಾಕಿ.

ಆಮೇಲೆ ಕಾಂಟ್ಯಾಕ್ಟಿನಲ್ಲಿ ಒಬ್ಬೊಬ್ಬರ ಹೆಸರಿಗೂ ಅವರವರ ಟೋನ್ ಜೋಡಿಸಬೇಕು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ನಂಬರ್ ಸಿಮ್ಮಿನಲ್ಲಿ ಇದ್ದರೆ ಟೋನ್ ಜೋಡಿಸಲು ಆಗುವುದಿಲ್ಲ, ಸಿಮ್ಮಿನಲ್ಲಿ ಅದಕ್ಕೆಲ್ಲ ಜಾಗ ಇಲ್ಲ. ಮೊದಲು ನಂಬರನ್ನು ಫೋನ್ ಮೆಮೊರಿಗೆ ಕಾಪಿ ಮಾಡಿ. ಕೆಲವು ಫೋನಿನಲ್ಲಿ ಒಬ್ಬೊಬ್ಬರಿಗೆ ಬೇರೆ ಟೋನ್ ಇಡಲು ಬರದಿದ್ದರೂ ಗ್ರೂಪಿಗೆ ಇಡಬಹುದು. ಮನೆಯವರನ್ನೆಲ್ಲ ಒಂದು ಗ್ರೂಪ್ ಮಾಡಿ ಅದಕ್ಕೆ ಒಂದು ದನಿ ಕೊಡಿ. ಉಳಿದೆಲ್ಲ ಕರೆಗಳಿಗೆ ಫೋನಿನ ಮಾಮೂಲಿ ಟೋನೇ ಇರಲಿ. ಮನೆಯವರ ದನಿ ಕೇಳಿದರೆ ಮಾತ್ರ ಎತ್ತಬೇಕು ಅಂತ ಅಜ್ಜಿಗೆ ಹೇಳಿಕೊಡಿ, ಬ್ಯಾಂಕಿನವರ ಹೆಸರಲ್ಲಿ ಬರುವ ಕರೆಯ ಭಯ ಅಷ್ಟರಮಟ್ಟಿಗೆ ಕಮ್ಮಿಯಾಗುತ್ತದೆ.

ಕಿವಿಯ ವಿಷಯ. ವಯಸ್ಸಾದಂತೆ ಮೊದಲು ಕೇಳಿಸದೆ ಹೋಗುವುದು ಕೀರಲು ಸದ್ದು. ನಾವು ಮಂದ ಕಿವಿಯವರಿಗೆ ಅಂತ ಚೂಪಾದ ಗಂಟೆ, ಸೀಟಿಯಂಥ ಟೋನ್ ಹುಡುಕಿ ಇಡುತ್ತೇವೆ, ಅವರಿಗೆ ಕೇಳದೆ ಹೋಗುವುದು ಅದೇ. ತಗ್ಗಿನ ನಾದ ಸ್ಪೀಕರಿನಲ್ಲಿ ಬರುವುದಿಲ್ಲ, ಕೀರಲು ಅವರ ಕಿವಿಗೆ ಹೋಗುವುದಿಲ್ಲ, ಹಾಗಾಗಿ ನಡುವಿನದು ಬೇಕು. ಮನುಷ್ಯರ ಸಾಧಾರಣ ಮಾತಿನ ದನಿ ಆ ನಡುವಿನದೇ, ಅದರಲ್ಲೂ ಗಂಡಸರ ದನಿ ಇನ್ನೂ ಚೆನ್ನಾಗಿ ತಲುಪಬಹುದು. ನಿಮ್ಮ ದನಿ ಅವರಿಗೆ ಹಿಡಿಯದಿದ್ದರೆ ಎಲ್ಲವನ್ನೂ ಮಾವನ ಬಾಯಲ್ಲೇ ಹೇಳಿಸಿ: "ಅವ್ವಾ, ಮೊಮ್ಮಗಳ ಫೋನ್ ಬಂದದ."

ವೈಬ್ರೇಶನ್ ಕೂಡ ಆನ್ ಇರಲಿ. ಹಾಸಿಗೆ ಮೇಲೆ, ದಿಂಬಿನ ಕೆಳಗೆ ಇಟ್ಟರೆ ಸದ್ದು ಅಲ್ಲೇ ಹೂತುಹೋಗುತ್ತದೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು ಅದರಲ್ಲಿ ಫೋನ್ ಇಡಿ, ತಟ್ಟೆ ಅದುರುವ ಸದ್ದೂ ಸೇರುತ್ತದೆ. ಸ್ಪೀಕರಿನ ತೂತುಗಳು ಫೋನಿನ ಹಿಂಬದಿಯಲ್ಲಿದ್ದರೆ ಮಗುಚಿ ಇಡಿ. ತೂತಿನಲ್ಲಿ ಧೂಳು ಕೂತಿದ್ದರೆ ಒಣಗಿದ ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಎಲ್ಲ ಆದ ಮೇಲೆ ಪಕ್ಕದ ಕೋಣೆಯಿಂದ ಕರೆ ಮಾಡಿ ನೋಡಿ, ಟಿ.ವಿ. ಹಚ್ಚಿದಾಗ ಒಮ್ಮೆ, ಆರಿಸಿದಾಗ ಒಮ್ಮೆ. ಅಜ್ಜಿ ಎತ್ತದಿದ್ದರೆ ಬೇರೆಯವರ ದನಿ ಹಾಕಿ ಮತ್ತೆ ಮಾಡಿ.