ಐ3 5ನೇ ಜನರೇಷನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್ ಲ್ಯಾಪ್‌ಟಾಪ್ ಬಹಳ ಸ್ಲೋ. ಎಕ್ಸ್‌ಚೇಂಜ್ ಕೊಟ್ಟು 20 ಸಾವಿರದ ಒಳಗಿನ ಹೊಸದು ತಗೊಳ್ಳಲೇ?

ಬ್ಯಾಡ್ರಿ. ಇದೇ ಲೆಕ್ಕ ಹಾಕಿ ನಾನು ಕೈ ಸುಟ್ಟುಕೊಂಡವನು.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೆ. ನನ್ನದೂ ಐ3 5005ಯು. ಬಟನ್ ಒತ್ತಿ, ಕೆಳಗೆ ಹೋಗಿ ಚಹಾ ಕುಡಿದು ಬಂದರೂ ನೀಲಿ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಹುಬ್ಬಳ್ಳಿಗೆ ಒಯ್ದೆ. ಅಂಗಡಿಯವರು ತೆರೆದೂ ನೋಡಲಿಲ್ಲ. "ಇದಕ್ಕ ವಯಸ್ಸಾತ್ರಿ ಅಣ್ಣಾರ. ಇದರ ಮ್ಯಾಲೆ ರೊಕ್ಕ ಹಾಕೂದು ದಂಡ. ಎಕ್ಸ್‌ಚೇಂಜ್ ಕೊಟ್ಟು ಹೊಸಾದು ಒಯ್ರಿ" ಅಂದರು. ಒಯ್ದೆ.

ಮಾಡಬೇಕಿದ್ದದ್ದು ಇಷ್ಟೇ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡುವುದು. ನೋಡಿದ್ದೆ ಕೂಡ! ಆದರೆ ಕಣ್ಣು ಹೋದದ್ದು ಮೆಮೊರಿ ಕಾಲಮ್ಮಿಗೆ. ಪಕ್ಕದಲ್ಲೇ ಡಿಸ್ಕ್ 100% ಅಂತ ಕೆಂಪಗೆ ಕೂತಿತ್ತು, ಸಿಪಿಯು 20 ಕೂಡ ದಾಟಿರಲಿಲ್ಲ. ಅಂದರೆ ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಹೆಡ್ ಅತ್ತಿಂದಿತ್ತ ಓಡಾಡಿ ಚೂರುಪಾರು ಫೈಲುಗಳನ್ನು ಹೆಕ್ಕಿ ತರಬೇಕು. 4 ಜಿಬಿ ರ‍್ಯಾಮ್ ತುಂಬಿತೋ, ವಿಂಡೋಸ್ ಮಿಕ್ಕಿದ್ದನ್ನೂ ಪೇಜ್ ಫೈಲ್ ಅಂತ ಅದೇ ಡಿಸ್ಕಿನ ತಲೆಗೆ ಕಟ್ಟುತ್ತದೆ. ರೋಗ ಡಿಸ್ಕಿನದು, ನಾನು ಮಾರಿದ್ದು ಇಡೀ ಲ್ಯಾಪ್‌ಟಾಪ್.

ಹೊಸದರಲ್ಲಿ ಬಂದದ್ದೇನು? ಸೆಲೆರಾನ್ ಎನ್4020, ಇಂಟೆಲ್‌ನ ಅಗ್ಗದ ಪ್ರೊಸೆಸರ್. 2 ಕೋರ್, 2 ಥ್ರೆಡ್, ಅಂದರೆ ಏಕಕಾಲಕ್ಕೆ ಎರಡೇ ಕೆಲಸದ ಸಾಲು. ಹಳೆಯದಕ್ಕೆ 4 ಥ್ರೆಡ್ ಇದ್ದವು ಮಾರಾಯ್ರೆ! ರ‍್ಯಾಮ್ ಅದೇ 4, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು. ಸ್ಟೋರೇಜ್ 64 ಜಿಬಿ ಇಎಂಎಂಸಿ, ಅಂದರೆ ಎಸ್‌ಎಸ್‌ಡಿಯ (ತಿರುಗುವ ಭಾಗವಿಲ್ಲದ, ಚಿಪ್ಪಿನಲ್ಲೇ ಫೈಲ್ ಇಡುವ ವೇಗದ ಡಿಸ್ಕ್) ಬಡ ದಾಯಾದಿ. ಅದನ್ನೂ ಬಿಚ್ಚಿ ಬದಲಿಸುವಂತಿಲ್ಲ. ವಿಂಡೋಸ್ ತೋರಿಸಿದ್ದು 58 ಜಿಬಿ ಚಿಲ್ಲರೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಜಾಗ ಸಾಲದು, ಪೆನ್‌ಡ್ರೈವ್ ಚುಚ್ಚಿ ಅನ್ನುತ್ತಿತ್ತು. ಹಾವೇರಿಯ ರೂಮ್‌ಮೇಟ್ ತನ್ನ ಅಂಥದ್ದೇ ಹಳೇ ಐ3ಗೆ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದ. ಅವನು ಪಿಡಿಎಫ್ ಓದಲು ಶುರು ಮಾಡಿದಾಗ ನನ್ನದು ಇನ್ನೂ ಕ್ರೋಮ್ ತೆರೆಯುತ್ತಿರುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಹಾಗಾಗಿ 20 ಸಾವಿರದೊಳಗೆ ಯಾವುದು ಒಳ್ಳೇದು ಅನ್ನುವ ಪ್ರಶ್ನೆಯನ್ನೇ ಬಿಡಿ. ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿಸಿ, ಅದೇ ಜಾಗದಲ್ಲಿ ಕೂರುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 4 ಜಿಬಿ ರ‍್ಯಾಮ್, ಆ ಕಾಲದವಕ್ಕೆ ಸಾಮಾನ್ಯವಾಗಿ ಡಿಡಿಆರ್3ಎಲ್ ಅನ್ನುವ ಬಗೆಯದು ಬೇಕು. ಹೊಸದಕ್ಕೆ ಕೊಡುವ ದುಡ್ಡಿಗಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ.

ಒಂದು ತೊಡಕಿದೆ. ವಿಂಡೋಸ್ 11 ಅಧಿಕೃತವಾಗಿ, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್ 8ನೇ ಜನರೇಷನ್‌ನಿಂದ ಮೇಲಿನವಕ್ಕೆ ಮಾತ್ರ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಓದಿಗೆ, ಬ್ರೌಸಿಂಗ್‌ಗೆ ಮಾತ್ರ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನುವ ಹಗುರ, ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ, ಕಗಪ ಕೀಲಿಮಣೆಯೂ ಅದರಲ್ಲೇ ಬರುತ್ತದೆ. ಗದಗಿನ ಪ್ರೆಸ್ಸಿನವರಂತೆ ದಿನವಿಡೀ ನುಡಿ ತಂತ್ರಾಂಶದಲ್ಲೇ ಟೈಪ್ ಮಾಡುವವರಾದರೆ ವಿಂಡೋಸ್ ಬಿಡುವುದು ಕಷ್ಟ. ಆಗ ಬೇಕಾದರೆ ಸೆಕೆಂಡ್‌ಹ್ಯಾಂಡ್ 8ನೇ ಜನರೇಷನ್ ಐ5 ಹುಡುಕಿ, ಹೊಸ ಸೆಲೆರಾನ್ ಅಲ್ಲ.

ಮತ್ತೆ, ಬಿಚ್ಚಿದ ಹಾರ್ಡ್‌ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸಿಂಗ್ ಹಾಕಿಸಿದರೆ ಫೋಟೋ, ನೋಟ್ಸ್ ಇಡಲು 1 ಟಿಬಿ ಕೈಯಲ್ಲಿರುತ್ತದೆ.